ಲೆಕ್ಕಕ್ಕೆ ಸೇರದ ಎಂಟು ಸೆಕೆಂಡು

ಮೇಜರ್ ಟೇಲರ್ ಎಂಬ ಹೆಸರು ಕೇಳಿದರೆ ಯಾವುದೋ ಯುದ್ಧದ ಅಧಿಕಾರಿ ಇರಬೇಕು ಅನ್ನಿಸುತ್ತದೆ. ಆದರೆ ಅವನು ಸೈನ್ಯದ ಮೇಜರ್ ಅಲ್ಲ. ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಸೈಕಲ್ ಅಂಗಡಿಯೊಂದರ ಮುಂದೆ ಸಿಪಾಯಿ ಡ್ರೆಸ್ ಹಾಕಿಕೊಂಡು ಸೈಕಲ್ ಕಸರತ್ತು ತೋರಿಸುತ್ತಿದ್ದ ಹುಡುಗ. ಆ ಡ್ರೆಸ್ ನೋಡಿ ಜನ ‘ಮೇಜರ್’ ಎಂದು ಕರೆದರು, ಮಾರ್ಷಲ್ ವಾಲ್ಟರ್ ಟೇಲರ್ ಎಂಬ ನಿಜವಾದ ಹೆಸರು ಮೂಲೆಗೆ ಸರಿಯಿತು. 1899ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಒಂದು ಮೈಲಿ ಸ್ಪ್ರಿಂಟ್ ಗೆದ್ದು ಅವನು ವಿಶ್ವ ಚಾಂಪಿಯನ್ ಆದ. ಬಾಕ್ಸರ್ ಜಾರ್ಜ್ ಡಿಕ್ಸನ್ ನಂತರ ವಿಶ್ವ ಚಾಂಪಿಯನ್ ಪಟ್ಟ ಪಡೆದ ಎರಡನೆಯ ಕಪ್ಪು ಕ್ರೀಡಾಪಟು ಅವನು.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಐದನೇ ಸೆಮಿಸ್ಟರ್ ವಿದ್ಯಾರ್ಥಿ. ಗಾಳಿಯ ಪ್ರತಿರೋಧದ ಪಾಠಕ್ಕೆ ಉದಾಹರಣೆ ಹುಡುಕುವಾಗ ಟೇಲರ್ ಹೆಸರು ಮೊದಲು ಸಿಕ್ಕಿತು. ಓದುತ್ತಾ ಹೋದ ಹಾಗೆ, ಚಾಂಪಿಯನ್ ಆದ ಮೇಲಿನ ಕಥೆಗಿಂತ ಅದಕ್ಕೂ ಮೊದಲು ಅವನು ಹವ್ಯಾಸಿ ಸೈಕ್ಲಿಸ್ಟ್ ಆಗಿದ್ದ ವರ್ಷಗಳೇ ನನ್ನನ್ನು ಹೆಚ್ಚು ಹಿಡಿದವು.

ಟೇಲರ್ ಹುಟ್ಟಿದ್ದು 1878ರ ನವೆಂಬರ್ 26ರಂದು. ಎಂಟು ಮಕ್ಕಳ ಬಡ ಕುಟುಂಬ. ಅಪ್ಪ ಗಿಲ್ಬರ್ಟ್, ಸೌತರ್ಡ್ ಎಂಬ ಶ್ರೀಮಂತರ ಮನೆಯಲ್ಲಿ ಕುದುರೆ ಗಾಡಿ ಓಡಿಸುತ್ತಿದ್ದ. ಆ ಮನೆಯ ಮಗನಿಗೆ ಜೊತೆಗಾರನಾಗಿ ಟೇಲರ್ ಕೆಲವು ವರ್ಷ ಅಲ್ಲೇ ಬೆಳೆದ. ಅಲ್ಲಿ ಓದು, ಆಟ, ಒಳ್ಳೆ ಬಟ್ಟೆ ಎಲ್ಲವೂ ಇತ್ತು. ಸೈಕಲ್ ಸಿಕ್ಕಿದ್ದೂ ಅವರಿಂದಲೇ. ಆದರೆ ಊರಿನ ವೈಎಂಸಿಎ ವ್ಯಾಯಾಮ ಶಾಲೆಗೆ ಗೆಳೆಯರೆಲ್ಲ ಒಳಗೆ ಹೋದರೆ ಇವನೊಬ್ಬ ಹೊರಗೆ ನಿಲ್ಲಬೇಕಿತ್ತು, ಬಣ್ಣದ ಕಾರಣಕ್ಕೆ. ಸೌತರ್ಡ್ ಕುಟುಂಬ ಷಿಕಾಗೊಗೆ ಹೊರಟಾಗ ಟೇಲರ್ ಮತ್ತೆ ಅಪ್ಪನ ಮನೆಗೆ ಬಂದ, ಪೇಪರ್ ಹಾಕುವ ಕೆಲಸ ಹಿಡಿದ. ಬಳಿಕ ‘ಹೇ ಅಂಡ್ ವಿಲಿಟ್ಸ್’ ಎಂಬ ಸೈಕಲ್ ಅಂಗಡಿಯವರು ವಾರಕ್ಕೆ 6 ಡಾಲರ್ ಸಂಬಳ, ಜೊತೆಗೊಂದು ಸೈಕಲ್ ಕೊಟ್ಟು ಅವನನ್ನು ಕೆಲಸಕ್ಕಿಟ್ಟುಕೊಂಡರು. ಗುಡಿಸುವುದು, ಒರೆಸುವುದು, ಸಂಜೆಯಾದರೆ ಕಸರತ್ತು.

ಮೊದಲ ರೇಸ್ ನಡೆದದ್ದು ಒಂದು ತಮಾಷೆಯಿಂದ. ಅಂಗಡಿಯ ಮಾಲೀಕ 10 ಮೈಲಿ ರೋಡ್ ರೇಸಿಗೆ ಹುಡುಗನನ್ನು ಸುಮ್ಮನೆ ಜನರನ್ನು ನಗಿಸಲು ತಂದು ನಿಲ್ಲಿಸಿದ. ಚಿಕ್ಕವನೆಂದು ಉಳಿದವರಿಗಿಂತ 15 ನಿಮಿಷ ಮುಂಚೆ ಬಿಟ್ಟರು. ಹುಡುಗ ಅಳುತ್ತಲೇ ಹೊರಟ, 6 ಸೆಕೆಂಡಿನ ಅಂತರದಲ್ಲಿ ಗೆದ್ದ!

ಹದಿಹರೆಯದಲ್ಲಿ ಒಂದರ ಹಿಂದೆ ಒಂದು ರೇಸ್ ಗೆಲ್ಲುತ್ತಾ ಹೋದ. 1895ರಲ್ಲಿ ಇಂಡಿಯಾನಾಪೊಲಿಸ್‌ನಿಂದ ಮ್ಯಾಥ್ಯೂಸ್ ಊರಿಗೆ 75 ಮೈಲಿಯ ರೇಸ್ ನಡೆಯಿತು. ಕಪ್ಪು ಹುಡುಗ ಸ್ಪರ್ಧಿಸುತ್ತಾನೆ ಎಂಬುದನ್ನು ಆಯೋಜಕರು ಕೊನೆ ಗಳಿಗೆವರೆಗೂ ಗುಟ್ಟಾಗಿಟ್ಟಿದ್ದರು. ದಾರಿಯಲ್ಲಿ ಉಳಿದ ಸ್ಪರ್ಧಿಗಳು ಬೆದರಿಸಿದರು. ಗುರಿ ಮುಟ್ಟಿದ್ದು ಟೇಲರ್ ಒಬ್ಬನೇ. ಬಹುಮಾನವಾಗಿ ಬಂದದ್ದು ಮನೆ ಕಟ್ಟುವ ನಿವೇಶನ; ಅದರ ಪತ್ರವನ್ನು ತಂದು ಅಮ್ಮನ ಕೈಗಿಟ್ಟ.

ಇಷ್ಟರಲ್ಲಿ ಅಮೆರಿಕದ ಸೈಕ್ಲಿಂಗ್ ಸಂಸ್ಥೆ ‘ಲೀಗ್ ಆಫ್ ಅಮೆರಿಕನ್ ವೀಲ್‌ಮೆನ್’ 1894ರಲ್ಲೇ ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂದು ನಿಯಮ ಮಾಡಿಬಿಟ್ಟಿತ್ತು. ಪ್ರತಿಭೆ ಇದ್ದರೆ ಯಾರೂ ತಡೆಯಲಾರರು ಎಂದು ನಮಗೆ ಭಾಷಣ ಮಾಡುವವರ ಜೊತೆ ನನಗೆ ಇಲ್ಲೇ ತಕರಾರಿದೆ. ತಡೆದರು, ಚೆನ್ನಾಗಿಯೇ ತಡೆದರು. ಟೇಲರ್ ಮುಂದೆ ಹೋದದ್ದು ಲೂಯಿ ಮಂಗರ್ ಎಂಬ ಮಾಜಿ ರೇಸರ್ ಅವನ ಕೈ ಹಿಡಿದದ್ದರಿಂದ. ಬಿಳಿಯನಾದ ಮಂಗರ್, ಕಪ್ಪು ಹುಡುಗನನ್ನು ಬೆಳೆಸುತ್ತಾನೆ ಎಂದು ಸುತ್ತಲಿನವರ ಕೆಂಗಣ್ಣಿಗೆ ಗುರಿಯಾಗಿದ್ದ. 1895ರಲ್ಲಿ ಅವನು ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಪಟ್ಟಣಕ್ಕೆ ಸೈಕಲ್ ಕಾರ್ಖಾನೆ ನಡೆಸಲು ಹೊರಟಾಗ ಟೇಲರ್‌ನನ್ನೂ ಕರೆದುಕೊಂಡು ಹೋದ. ಈಗ ಕೆಲಸ ಹುಡುಕುವ ನಮ್ಮ ಸೀನಿಯರ್‌ಗಳು ‘ರೆಫರಲ್ ಬೇಕು’ ಎನ್ನುತ್ತಾರಲ್ಲ, ಅದರ ಬೆಲೆ ಏನೆಂದು ನನಗೆ ಅರ್ಥವಾದದ್ದು ಈ ಮಂಗರ್‌ನಿಂದ.

ವೂಸ್ಟರ್‌ನಲ್ಲಿ ವೈಎಂಸಿಎ ಬಾಗಿಲು ತೆರೆದಿತ್ತು. ಅಲ್ಲಿಂದಲೇ ಟೇಲರ್‌ನ ತರಬೇತಿಗೆ ಒಂದು ಕ್ರಮ ಬಂತು. ಪೆಡಲ್ ತುಳಿದು ತುಳಿದು ಕಾಲು ಬಲವಾಗಿತ್ತು, ಆದರೆ ಎದೆ, ಭುಜ ಸೊರಗಿದ್ದವು. ಅದಕ್ಕೆಂದು ಹಗುರವಾದ ಡಂಬೆಲ್ ಹಿಡಿದ, ಮರದ ಗದೆ ತಿರುಗಿಸಿದ. ನಮ್ಮ ಗರಡಿ ಮನೆಯಲ್ಲಿ ತಿರುಗಿಸುವ ಗದೆಯ ಬಂಧು ಅದು. ಇಂಗ್ಲಿಷಿನಲ್ಲಿ ಅದರ ಹೆಸರೇ ‘ಇಂಡಿಯನ್ ಕ್ಲಬ್’. ಸೈಕಲ್ ಮೇಲಿನ ಅಭ್ಯಾಸಕ್ಕೆ ಊರಿನ ಜಾರ್ಜ್ ಸ್ಟ್ರೀಟ್ ಇತ್ತು. ಉದ್ದ ಸುಮಾರು 500 ಅಡಿ ಮಾತ್ರ, ಆದರೆ ಏರು ಶೇ 18ರ ಆಸುಪಾಸು. ಅಂದರೆ 100 ಅಡಿ ಮುಂದೆ ಹೋದರೆ 18 ಅಡಿ ಮೇಲೆ! ಟ್ರ್ಯಾಕ್ ಸೈಕಲ್‌ಗೆ ಬದಲಿಸುವ ಗೇರ್ ಇಲ್ಲ, ಬ್ರೇಕ್ ಇಲ್ಲ, ಚಕ್ರ ತಿರುಗುವವರೆಗೂ ಪೆಡಲ್ ತಿರುಗುತ್ತಲೇ ಇರುತ್ತದೆ. ನಿಂತಲ್ಲಿಂದ ವೇಗ ಹಿಡಿಯಬೇಕಾದರೆ ಪೂರ್ತಿ ಕಾಲಿನ ಬಲವೇ ಬೇಕು. ಇಂಥ ಏರು ಅದಕ್ಕೆ ಹೇಳಿ ಮಾಡಿಸಿದ ಗುರು.

1896ರ ಬೇಸಿಗೆಯಲ್ಲಿ ಟೇಲರ್ ಹುಟ್ಟೂರಿನ ಕ್ಯಾಪಿಟಲ್ ಸಿಟಿ ಟ್ರ್ಯಾಕಿಗೆ ಬಂದ. ಬಿಳಿಯರ ಜೊತೆ ರೇಸ್ ಓಡಲು ಅವಕಾಶವಿರಲಿಲ್ಲ. ಆದ್ದರಿಂದ ಗಡಿಯಾರದ ಜೊತೆ ಓಡಿದ. ವಾಲ್ಟರ್ ಸ್ಯಾಂಗರ್ ಎಂಬ ವೃತ್ತಿಪರ ಸೈಕ್ಲಿಸ್ಟ್ ಒಂದು ಮೈಲಿಗೆ ಸ್ಥಾಪಿಸಿದ್ದ ಟ್ರ್ಯಾಕ್ ದಾಖಲೆಯನ್ನು 8 ಸೆಕೆಂಡಿಗೂ ಹೆಚ್ಚು ಅಂತರದಿಂದ ಮುರಿದ. ಟ್ರ್ಯಾಕ್ ಸೈಕ್ಲಿಂಗಿನಲ್ಲಿ ಸೆಕೆಂಡಿನ ಐದನೇ ಒಂದು ಭಾಗಕ್ಕೂ ಜಗಳವಾಗುತ್ತಿದ್ದ ಕಾಲ ಅದು. ಎಂಟು ಸೆಕೆಂಡು ಎಂದರೆ ಹಿಂದಿನವನು ಕಣ್ಣಿಗೇ ಕಾಣದಷ್ಟು ದೂರ. ಆದರೆ ದಾಖಲೆ ಅಧಿಕೃತ ಪುಸ್ತಕಕ್ಕೆ ಸೇರಲಿಲ್ಲ. ಸಿಕ್ಕ ಫಲ ಏನೆಂದರೆ, ಆ ಟ್ರ್ಯಾಕಿಗೇ ಮತ್ತೆ ಬರಕೂಡದು ಎಂಬ ನಿಷೇಧ. ಎಷ್ಟೋ ಸಲ ಓದಿದರೂ ಈ ಭಾಗ ಬಂದಾಗ ನನಗೆ ಸಿಟ್ಟು ಬರುತ್ತದೆ. ನಿಧಾನವಾಗಿ ಓಡಿದ್ದರೆ ಬಹುಶಃ ಸುಮ್ಮನೆ ಬಿಡುತ್ತಿದ್ದರು.

ಅದೇ ವರ್ಷ ಡಿಸೆಂಬರ್‌ನಲ್ಲಿ, ಹದಿನೆಂಟು ತುಂಬಿದ ಕೂಡಲೇ ಟೇಲರ್ ವೃತ್ತಿಪರನಾದ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅರ್ಧ ಮೈಲಿ ರೇಸ್ ಗೆದ್ದು, ಬಂದ 200 ಡಾಲರ್ ಅಮ್ಮನಿಗೆ ಕಳಿಸಿದ. ಬೆನ್ನಿಗೇ ಆರು ದಿನ ಹಗಲು-ರಾತ್ರಿ ನಡೆಯುವ ರೇಸಿನಲ್ಲಿ 1,732 ಮೈಲಿ ತುಳಿದು ಎಂಟನೆಯವನಾದ. ಸ್ಪ್ರಿಂಟರ್ ಒಬ್ಬನಿಗೆ ಅದು ಹುಚ್ಚು ಸಾಹಸ. ಮತ್ತೆ ಅಂಥದ್ದಕ್ಕೆ ಅವನು ಕೈ ಹಾಕಲಿಲ್ಲ.

ಮುಂದಿನ ವರ್ಷಗಳ ಕಥೆ ಹೆಚ್ಚು ಜನರಿಗೆ ಗೊತ್ತು. ಎದುರಾಳಿಗಳು ಮುಂದೆ, ಹಿಂದೆ, ಪಕ್ಕದಲ್ಲಿ ಸೈಕಲ್ ಒಡ್ಡಿ ಅವನನ್ನು ನಡುವೆ ಸಿಕ್ಕಿಸುತ್ತಿದ್ದರು. ಅದಕ್ಕೆ ‘ಪಾಕೆಟ್’ ಮಾಡುವುದು ಎನ್ನುತ್ತಾರೆ. ಚೂರು ಸಂದು ಕಂಡರೂ ನುಗ್ಗಿ ಹೊರಬರುವುದನ್ನು ಟೇಲರ್ ಹೀಗೇ ಕಲಿತ. 1897ರಲ್ಲಿ ಟಾಂಟನ್ ಎಂಬಲ್ಲಿ ರೇಸ್ ಮುಗಿದ ಕ್ಷಣವೇ ಬೆಕರ್ ಎಂಬ ಸ್ಪರ್ಧಿ ಅವನನ್ನು ನೆಲಕ್ಕೆ ಕೆಡವಿ, ಪ್ರಜ್ಞೆ ತಪ್ಪುವವರೆಗೂ ಕತ್ತು ಹಿಸುಕಿದ. ಶಿಕ್ಷೆ 50 ಡಾಲರ್ ದಂಡ ಮಾತ್ರ. ಇವೆಲ್ಲದರ ನಡುವೆ ಭಾನುವಾರ ರೇಸ್ ಓಡುವುದಿಲ್ಲ ಎಂಬ ಹಟ ಬೇರೆ; ತಾಯಿ ಕಲಿಸಿದ ದೈವಭಕ್ತಿ. ಅದಕ್ಕಾಗಿ ದೊಡ್ಡ ದೊಡ್ಡ ಹಣದ ಕರಾರುಗಳನ್ನೂ ಬಿಟ್ಟ.

1899ರ ನವೆಂಬರ್‌ನಲ್ಲಿ ಷಿಕಾಗೊದಲ್ಲಿ ಉಗಿ ಎಂಜಿನ್ನಿನ ಸೈಕಲ್ ಒಂದರ ಬೆನ್ನಿಗೆ ಅಂಟಿಕೊಂಡು ಒಂದು ಮೈಲಿಯನ್ನು 1 ನಿಮಿಷ 19 ಸೆಕೆಂಡಿನಲ್ಲಿ ಮುಗಿಸಿದ. ಲೆಕ್ಕ ಹಾಕಿ ನೋಡಿದೆ, ಗಂಟೆಗೆ ಸುಮಾರು 73 ಕಿಲೋಮೀಟರ್. ಮುಂದಿನ ವಾಹನ ಗಾಳಿಯನ್ನು ಸೀಳುವುದರಿಂದ ಹಿಂದಿನವನಿಗೆ ಪ್ರತಿರೋಧ ಕಡಿಮೆಯಾಗುತ್ತದೆ, ನಿಜ. ಆದರೂ ಪೆಡಲ್ ತುಳಿಯಬೇಕಾದದ್ದು ಮನುಷ್ಯನ ಕಾಲೇ. ನಾನು ಹುಡುಕುತ್ತಿದ್ದ ಉದಾಹರಣೆ ಇದು. 1901ರಲ್ಲಿ ಯುರೋಪಿಗೆ ಹೋಗಿ ಫ್ರಾನ್ಸಿನ ಹೀರೊ ಎಡ್ಮಂಡ್ ಜಾಕ್ಲಿನ್ ಎದುರು ಪ್ಯಾರಿಸ್ಸಿನಲ್ಲಿ ಮೊದಲು ಸೋತ, ಹನ್ನೊಂದು ದಿನದ ನಂತರ ಅದೇ ಟ್ರ್ಯಾಕಿನಲ್ಲಿ ಸೋಲಿಸಿದ. ಆಸ್ಟ್ರೇಲಿಯಾಕ್ಕೂ ಹೋಗಿ ಓಡಿದ. ಮಗಳು ಹುಟ್ಟಿದ್ದು ಸಿಡ್ನಿಯಲ್ಲಿ, ಹೆಸರಿನಲ್ಲೂ ‘ಸಿಡ್ನಿ’ ಸೇರಿಸಿದರು.

1910ರಲ್ಲಿ ನಿವೃತ್ತಿ. ಆಗ ಅವನಿಗೆ 31 ವರ್ಷ. ಎಂಜಿನಿಯರಿಂಗ್ ಓದಬೇಕೆಂದು ವೂಸ್ಟರ್ ಪಾಲಿಟೆಕ್ನಿಕ್ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದ. ಹೈಸ್ಕೂಲ್ ಸರ್ಟಿಫಿಕೇಟ್ ಇಲ್ಲವೆಂದು ಸೀಟು ಕೊಡಲಿಲ್ಲ. ಬಾಲ್ಯದಿಂದ ಸೈಕಲ್ ಅಂಗಡಿ, ಕಾರ್ಖಾನೆಗಳಲ್ಲಿ ಕೈ ಕಪ್ಪು ಮಾಡಿಕೊಂಡವನು, ಸೈಕಲ್‌ನ ಗೇರ್ ಮತ್ತು ಹ್ಯಾಂಡಲ್‌ಗಳ ಲೆಕ್ಕವನ್ನು ಮೈಯಲ್ಲೇ ಇಟ್ಟುಕೊಂಡವನು ಅವನು. ನನ್ನ ಸೀಟು ಬಂದದ್ದು ಸಿಇಟಿ ರ‍್ಯಾಂಕಿನಿಂದ. ಕ್ಲಾಸಿಗೆ ಬಂಕ್ ಹೊಡೆಯುವ ಮನಸ್ಸಾದಾಗ ಟೇಲರ್‌ನ ಆ ಅರ್ಜಿ ನೆನಪಾಗುತ್ತದೆ. ನೆನಪಾದ ಮೇಲೂ ಕೆಲವೊಮ್ಮೆ ಬಂಕ್ ಹೊಡೆದಿದ್ದೇನೆ, ಅದು ಬೇರೆ ಮಾತು.

ನಂತರ ವ್ಯಾಪಾರಗಳಲ್ಲಿ ದುಡ್ಡು ಹೋಯಿತು, ಆರೋಗ್ಯ ಹೋಯಿತು, ಸಂಸಾರವೂ ಒಡೆಯಿತು. 1928ರಲ್ಲಿ ತನ್ನ ಆತ್ಮಕಥೆಯನ್ನು ತಾನೇ ಅಚ್ಚು ಹಾಕಿಸಿ ಷಿಕಾಗೊದಲ್ಲಿ ಮನೆ ಮನೆಗೆ ಹೋಗಿ ಮಾರಿದ. 1932ರ ಜೂನ್ 21ರಂದು ಅಲ್ಲಿನ ಸರ್ಕಾರಿ ಆಸ್ಪತ್ರೆಯ ಬಡವರ ವಾರ್ಡಿನಲ್ಲಿ ತೀರಿಕೊಂಡಾಗ ವಯಸ್ಸು 53. ಮೌಂಟ್ ಗ್ಲೆನ್‌ವುಡ್ ಸ್ಮಶಾನದಲ್ಲಿ ಹೆಸರಿಲ್ಲದ ಗುಂಡಿಯಲ್ಲಿ ಹೂಳಿದರು. 1948ರಲ್ಲಿ ಹಳೆಯ ರೇಸರ್‌ಗಳು ಸೇರಿ, ಸೈಕಲ್ ತಯಾರಕ ಫ್ರಾಂಕ್ ಶ್ವಿನ್ ಕೊಟ್ಟ ಹಣದಲ್ಲಿ ಅದೇ ಸ್ಮಶಾನದ ಒಳ್ಳೆಯ ಜಾಗಕ್ಕೆ ಬದಲಿಸಿ ಕಲ್ಲು ನೆಟ್ಟರು.

ಇಂಡಿಯಾನಾಪೊಲಿಸ್‌ನಲ್ಲಿ 1982ರಲ್ಲಿ ಕಾಂಕ್ರೀಟಿನ ಹೊಸ ಟ್ರ್ಯಾಕ್ ಕಟ್ಟಿ ‘ಮೇಜರ್ ಟೇಲರ್ ವೆಲೊಡ್ರೋಮ್’ ಎಂದು ಹೆಸರಿಟ್ಟರು. ಒಂದು ಸುತ್ತು 333 ಮೀಟರ್, ತಿರುವುಗಳಲ್ಲಿ ವಾಲು 28 ಡಿಗ್ರಿ.