ಲೈಸೋಜೈಮ್ ಕಿಣ್ವವನ್ನು ಕಂಡುಹಿಡಿದ ಸರ್ ಅಲೆಕ್ಸಾಂಡರ್ ಫ್ಲೆಮಿಂಗ್ (1881-1955)

ಸ್ಕಾಟ್‌ಲೆಂಡಿನ ಕೃಷಿಕ ಕುಟುಂಬದಲ್ಲಿ ಜನಿಸಿದ ಫ್ಲೆಮಿಂಗ್ ಅವರು ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಸೂಕ್ಷ್ಮಜೀವಿಗಳ ಸಂಶೋಧನೆ ಕೈಗೊಂಡಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಸೇವೆ ಸಲ್ಲಿಸುವಾಗ, ಗಾಯಗಳು ಕೀವುಗಟ್ಟಿ ಸೈನಿಕರು ಅಸುನೀಗುವುದನ್ನೂ, ಅಂದಿನ ನಂಜುನಿವಾರಕಗಳು ರೋಗಾಣುಗಳಿಗಿಂತ ರಕ್ತದ ಬಿಳಿಕಣಗಳಿಗೇ ಹೆಚ್ಚು ಹಾನಿ ಮಾಡುವುದನ್ನೂ ಕಂಡರು. 1921ರಲ್ಲಿ, ನೆಗಡಿಯಾಗಿದ್ದ ತಮ್ಮದೇ ಮೂಗಿನ ಸಿಂಬಳವು ಬ್ಯಾಕ್ಟೀರಿಯಾಗಳನ್ನು ಕರಗಿಸುವುದನ್ನು ಗಮನಿಸಿದರು. ಬ್ಯಾಕ್ಟೀರಿಯಾಗಳ ಕೋಶಭಿತ್ತಿಯನ್ನು ಒಡೆಯುವ ಈ ಕಿಣ್ವವೇ ಲೈಸೋಜೈಮ್. ಕಣ್ಣೀರು, ಜೊಲ್ಲು ಮತ್ತು ತಾಯಿಯ ಹಾಲಿನಲ್ಲಿಯೂ, ಹುಬ್ಬಳ್ಳಿಯ ದುರ್ಗದಬೈಲ್ ಪೇಟೆಯಲ್ಲಿ ಕೊಳ್ಳುವ ಕೋಳಿಮೊಟ್ಟೆಯ ಬಿಳಿಭಾಗದಲ್ಲಿಯೂ ಇದು ಇರುತ್ತದೆ. ಆದರೆ ಮಾರಕ ರೋಗಾಣುಗಳ ಮೇಲೆ ಇದರ ಪ್ರಭಾವ ಅಲ್ಪವಾದುದರಿಂದ ವಿದ್ವಾಂಸರು ಅಂದು ಇದಕ್ಕೆ ಅಷ್ಟಾಗಿ ಮನ್ನಣೆ ನೀಡಲಿಲ್ಲ. 1928ರಲ್ಲಿ ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾಗಳು ಕರಗಿದ್ದು ಅವರ ಕಣ್ಣಿಗೆ ಬಿದ್ದಿತು. ಪೆನಿಸಿಲಿನ್ ಆಕಸ್ಮಿಕವಾಗಿ ದೊರೆಯಿತೆಂಬ ಮಾತು ಅರ್ಧಸತ್ಯ. ಲೈಸೋಜೈಮ್ ಆ ಕಣ್ಣನ್ನು ಮೊದಲೇ ಪಳಗಿಸಿತ್ತು. 1945ರಲ್ಲಿ ಫ್ಲೋರಿ ಮತ್ತು ಚೈನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಪಡೆದ ಫ್ಲೆಮಿಂಗ್ ಅವರು 1955ರ ಮಾರ್ಚ್ 11ರಂದು ಲಂಡನ್ನಿನಲ್ಲಿ ನಿಧನರಾದರು.