ನಾಡಿಲ್ಲದವರ ರಹದಾರಿ

ಕಳೆದ ವರ್ಷ ನನ್ನ ಅಣ್ಣನು ಉದ್ಯೋಗಕ್ಕಾಗಿ ಹೊರದೇಶಕ್ಕೆ ಹೋಗಲು ವೀಸಾ ಅರ್ಜಿಯನ್ನು ತುಂಬುತ್ತಿದ್ದಾಗ ನಾನು ಪಕ್ಕದಲ್ಲಿ ಕುಳಿತಿದ್ದೆ. ಎಷ್ಟು ದಿನ ಇರುವುದು, ಏನು ಕೆಲಸ ಮಾಡುವುದು, ಆಮೇಲೆ ಹಿಂದಿರುಗಲು ಒಂದು ನಾಡು ಉಂಟೇ ಇಲ್ಲವೇ - ಪ್ರಶ್ನೆಗಳ ಸಾರವೆಲ್ಲ ಇಷ್ಟೇ. ಕೊನೆಯ ಪ್ರಶ್ನೆ ಅಣ್ಣನಿಗೆ ತೊಡಕಾಗಲಿಲ್ಲ. ಆದರೆ ಅದಕ್ಕೆ ಉತ್ತರವೇ ಇಲ್ಲದವರ ಗತಿಯೇನು? ಹಾಗೆ ಯೋಚಿಸಿದಾಗ ನನಗೆ ನೆನಪಾದವನು ನಾರ್ವೆ ದೇಶದ ಫ್ರಿಟ್ಯೋಫ್ ನಾನ್ಸೆನ್.

ನಾನ್ಸೆನ್ನನು ಇಂದು ಓಸ್ಲೋ ಎನಿಸಿಕೊಂಡಿರುವ ಕ್ರಿಸ್ಟಿಯಾನಿಯಾ ನಗರದ ಸಮೀಪದಲ್ಲಿ 1861ರ ಅಕ್ಟೋಬರ್ 10ರಂದು ಜನಿಸಿದನು. ಪ್ರಾಣಿಶಾಸ್ತ್ರವನ್ನು ಓದಿ, ಬರ್ಗೆನ್ ನಗರದ ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಿದನು. 1888ರಲ್ಲಿ ಐವರು ಸಂಗಡಿಗರೊಡನೆ ಗ್ರೀನ್‌ಲೆಂಡಿನ ಹಿಮರಾಶಿಯನ್ನು ದಾಟಿದನು. ಹಿಂದಿನವರು ಜನವಸತಿಯಿದ್ದ ಪಶ್ಚಿಮ ತೀರದಿಂದ ಹೊರಟು ಸೋತಿದ್ದರು. ಇವನು ನಿರ್ಜನವಾದ ಪೂರ್ವ ತೀರದಿಂದಲೇ ಹೊರಟನು. ಹಿಂದಿರುಗಿದರೆ ಆಸರೆಯಿಲ್ಲವಾದ್ದರಿಂದ ಮುಂದೆ ಹೋಗದೆ ಗತ್ಯಂತರವಿರಲಿಲ್ಲ. 1893ರಲ್ಲಿ ಫ್ರಾಮ್ ಎಂಬ ಹಡಗಿನಲ್ಲಿ ಉತ್ತರ ಧ್ರುವದತ್ತ ಸಾಗಿ, 1895ರ ಏಪ್ರಿಲಿನಲ್ಲಿ ಅದುವರೆಗೆ ಯಾರೂ ಮುಟ್ಟದಿದ್ದ ಉತ್ತರ ಅಕ್ಷಾಂಶವನ್ನು ತಲಪಿದನು. ಮುಂದೆ 1906ರಿಂದ 1908ರವರೆಗೆ ಲಂಡನ್ನಿನಲ್ಲಿ ನಾರ್ವೆಯ ರಾಯಭಾರ ವಹಿಸಿದನು.

ಇಷ್ಟು ಕೀರ್ತಿ ಒಂದು ಜೀವಮಾನಕ್ಕೆ ಸಾಕಾಗಿತ್ತು. ಆದರೆ ಅವನ ಅತ್ಯಂತ ಕಠಿನವಾದ ಕೆಲಸ ಬಂದದ್ದು ಅರುವತ್ತರ ಹೊಸ್ತಿಲಲ್ಲಿ. 1920ರಲ್ಲಿ ರಾಷ್ಟ್ರಸಂಘವು ಮೊದಲನೆಯ ಮಹಾಯುದ್ಧದ ಸೆರೆಯಾಳುಗಳನ್ನು ಊರಿಗೆ ಮುಟ್ಟಿಸುವ ಹೊಣೆಯನ್ನು ಅವನಿಗೆ ಒಪ್ಪಿಸಿತು. ಎರಡು ವರ್ಷಗಳಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕಿದ ಜನ ಮನೆ ಸೇರಿದರು. ಅವರಿಗೆ ಸೇರಲು ಮನೆಯಿತ್ತು. ಆದರೆ ರಷ್ಯದ ಕ್ರಾಂತಿಯಿಂದ ಓಡಿಬಂದ ಲಕ್ಷಾಂತರ ಜನರಿಗೆ ಅದೂ ಇರಲಿಲ್ಲ. 1921ರ ಡಿಸೆಂಬರಿನ ಆಜ್ಞೆಯೊಂದರಿಂದ ಸೋವಿಯತ್ ಸರ್ಕಾರವು ಅವರಲ್ಲಿ ಬಹುಮಂದಿಯ ಪೌರತ್ವವನ್ನು ಕಿತ್ತುಹಾಕಿತು. ಯುದ್ಧಕ್ಕೆ ಮುಂಚೆ ಪಶ್ಚಿಮ ಯೂರೋಪಿನ ಬಹುಭಾಗದಲ್ಲಿ ರಹದಾರಿಯಿಲ್ಲದೆ ಓಡಾಡಬಹುದಾಗಿತ್ತು. ಈಗ ಎಲ್ಲ ಗಡಿಗಳಲ್ಲಿಯೂ ಕಾಗದ ಕೇಳುತ್ತಿದ್ದರು. ಕಾಗದವಿಲ್ಲದವನು ಕೆಲಸವಿರುವ ದೇಶಕ್ಕೆ ಹೋಗುವಂತಿರಲಿಲ್ಲ, ಇದ್ದಲ್ಲಿ ಅನ್ನವಿರಲಿಲ್ಲ.

ನಿರಾಶ್ರಿತರ ಹೈಕಮಿಷನರನಾಗಿದ್ದ ನಾನ್ಸೆನ್ನನು 1922ರ ಜುಲೈಯಲ್ಲಿ ಜಿನೀವಾದಲ್ಲಿ ಸರ್ಕಾರಗಳನ್ನು ಒಂದುಗೂಡಿಸಿ, ಇಂಥವರಿಗೆ ಒಂದು ಗುರುತಿನ ಪತ್ರವನ್ನು ಕೊಡಲು ಒಪ್ಪಿಸಿದನು. ಅದೇ ನಾನ್ಸೆನ್ ಪಾಸ್‌ಪೋರ್ಟ್. ಕಾಲಕ್ರಮದಲ್ಲಿ ಐವತ್ತಕ್ಕೂ ಹೆಚ್ಚು ಸರ್ಕಾರಗಳು ಇದನ್ನು ಮಾನ್ಯ ಮಾಡಿದವು. 1924ರಲ್ಲಿ ಆರ್ಮೇನಿಯನ್ನರಿಗೂ ಇದು ದೊರೆಯಿತು. ಸಂಗೀತಗಾರ ಸ್ಟ್ರಾವಿನ್‌ಸ್ಕಿ, ಚಿತ್ರಕಾರ ಶಗಾಲ್, ಕಾದಂಬರಿಕಾರ ನಬೊಕೊವ್ ಇದನ್ನು ಹಿಡಿದು ಗಡಿ ದಾಟಿದವರೇ.

ಅದೊಂದು ಪರಿಪೂರ್ಣವಾದ ಪತ್ರವೆಂದು ನಾನು ಹೇಳಲಾರೆ. ಅದು ಪೌರತ್ವವನ್ನು ಕೊಡುತ್ತಿರಲಿಲ್ಲ. ಪತ್ರವನ್ನು ಕೊಟ್ಟ ದೇಶವೇ ಅವನನ್ನು ಮತ್ತೆ ಒಳಗೆ ಬಿಟ್ಟುಕೊಳ್ಳಬೇಕೆಂಬ ಕಟ್ಟುಪಾಡಿರಲಿಲ್ಲ. ಆದ್ದರಿಂದ ಬೇರೆ ದೇಶಗಳು ವೀಸಾ ಕೊಡಲು ಹಿಂಜರಿದವು: ಬಂದವನನ್ನು ಆಮೇಲೆ ಎಲ್ಲಿಗೆ ಕಳುಹಿಸುವುದು? ನಾನ್ಸೆನ್ನನು ಈ ಕೊರತೆಯನ್ನು ತಿದ್ದಲು ಹೆಣಗಿದನು. 1926ರ ಒಪ್ಪಂದವು ಪತ್ರದೊಡನೆ ಮರಳುವ ಅನುಮತಿಯನ್ನೂ ಕೊಡಬೇಕೆಂದು ಸಲಹೆ ಮಾಡಿತು. ಸಲಹೆಯೇ ಹೊರತು ಅಪ್ಪಣೆಯಲ್ಲ.

1922ರಲ್ಲಿ ಅವನಿಗೆ ನೊಬೆಲ್ ಶಾಂತಿ ಪಾರಿತೋಷಕ ಬಂದಿತು. ಆ ಹಣವನ್ನು ನೊಂದವರ ಸೇವೆಗೇ ವಿನಿಯೋಗಿಸಿದನು. 1930ರ ಮೇ 13ರಂದು ತೀರಿಕೊಂಡನು. ಅವನ ಹೆಸರಿನ ನಿರಾಶ್ರಿತರ ಕಚೇರಿಗೆ 1938ರಲ್ಲಿ ಅದೇ ಪಾರಿತೋಷಕ ಸಂದಿತು.

ಇದು ದೂರದ ಕಥೆಯಲ್ಲ. 1960ರ ದಶಕದ ಆರಂಭದಿಂದ ನಮ್ಮ ಬೈಲುಕುಪ್ಪೆಯಲ್ಲಿ ನೆಲೆಸಿದ ಟಿಬೆಟ್ಟಿನವರಿಗೆ ಹೊರದೇಶ ಪ್ರಯಾಣಕ್ಕೆಂದು ಭಾರತ ಸರ್ಕಾರವು ಕೊಡುವ ಗುರುತಿನ ಪ್ರಮಾಣಪತ್ರವೂ ಇದೇ ಬಗೆಯದು. ಅಣ್ಣನ ಅರ್ಜಿಯಲ್ಲಿ ನಾವು ಒಂದು ಗಳಿಗೆಯಲ್ಲಿ ತುಂಬಿದ ಸಾಲನ್ನು ತುಂಬಲಾರದವರು ಇಂದಿಗೂ ಇದ್ದಾರೆ. ಅಂಥವರ ಕೈಗೆ ಒಂದು ಕಾಗದವನ್ನಾದರೂ ಕೊಡಿಸಬೇಕೆಂದು ದೇಶದಿಂದ ದೇಶಕ್ಕೆ ಅಲೆದವನನ್ನು, ಹಿಮದ ಸಾಹಸಿಯೆಂದಷ್ಟೇ ನಾವು ನೆನೆದರೆ ಸಾಲದೆಂದು ನನಗೆ ತೋರುತ್ತದೆ.