ಋಣ ತೀರಿಸಿದ ಲೇಖನಿ

ಸರ್ ವಾಲ್ಟರ್ ಸ್ಕಾಟನ ಹೆಸರು ಕೇಳದ ವಿದ್ಯಾರ್ಥಿ ವಿರಳ. ಆತನ ಕಾದಂಬರಿಗಳಿಗಿಂತಲೂ ಆತನ ಕಡೆಯ ದಿನಗಳು ನನ್ನ ಮನಸ್ಸನ್ನು ಹೆಚ್ಚು ಸೆಳೆದಿವೆ.

೧೭೭೧ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಸ್ಕಾಟನು ಬರಹದಿಂದಲೇ ಕೀರ್ತಿ, ಐಶ್ವರ್ಯ ಎರಡನ್ನೂ ಗಳಿಸಿ, ಅಬಟ್ಸ್‌ಫರ್ಡಿನಲ್ಲಿ ದೊಡ್ಡ ಸೌಧವನ್ನು ಕಟ್ಟಿಸಿದನು. ೧೮೨೬ರ ಜನವರಿಯಲ್ಲಿ ಆತನ ಪ್ರಕಾಶಕರೂ ಆತನು ಪಾಲುದಾರನಾಗಿದ್ದ ಮುದ್ರಣಾಲಯವೂ ದಿವಾಳಿಯಾದುವು. ಐವತ್ತನಾಲ್ಕರ ವಯಸ್ಸಿನಲ್ಲಿ ತಲೆಯ ಮೇಲೆ ಲಕ್ಷ ಪೌಂಡಿಗೂ ಮಿಕ್ಕ ಸಾಲ! ದಿವಾಳಿಯೆಂದು ಸಾರಿ ಕೈತೊಳೆದುಕೊಳ್ಳಬಹುದಾಗಿತ್ತು. ಆತನು ಹಾಗೆ ಮಾಡಲಿಲ್ಲ. ಸ್ನೇಹಿತರ ಧನಸಹಾಯವನ್ನೂ ಒಲ್ಲೆನೆಂದನು. ಎಡಿನ್‌ಬರೋದ ಮನೆಯನ್ನು ಬಿಟ್ಟುಕೊಟ್ಟು, ಬಾಡಿಗೆಯ ಕೊಠಡಿಯಲ್ಲಿ ಮಿತವಾಗಿ ಬಾಳುತ್ತ ಲೇಖನಿ ಹಿಡಿದನು. ಮೇ ತಿಂಗಳಲ್ಲಿ ಪತ್ನಿ ತೀರಿಕೊಂಡಳು. ಮರುವರ್ಷವೇ ನೆಪೋಲಿಯನ್ನನ ಚರಿತ್ರೆ ಒಂಬತ್ತು ಸಂಪುಟಗಳಲ್ಲಿ ಹೊರಬಂದಿತು. ಪಾರ್ಶ್ವವಾಯು ಬಡಿದ ಮೇಲೂ ಬರೆಯುವುದನ್ನು ನಿಲ್ಲಿಸಲಿಲ್ಲ. ಬಂದ ಹಣವೆಲ್ಲ ಸಾಲ ಕೊಟ್ಟವರ ಪಾಲಾಗುತ್ತಿತ್ತು. ೧೮೩೨ರಲ್ಲಿ ಆತನು ಕಣ್ಣು ಮುಚ್ಚಿದನು.

ನನ್ನ ತಂದೆಯವರು ಅಕ್ಷರ ಬಲ್ಲವರಲ್ಲ. ನನ್ನ ಓದಿಗಾಗಿ ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವರು. ರಜೆಯಲ್ಲಿ ಈ ಕಥೆಯನ್ನು ಹೇಳಿದಾಗ, ಕೊನೆಗೆ ಸಾಲ ತೀರಿತೇ ಎಂದಷ್ಟೇ ಕೇಳಿದರು. ಸತ್ತ ಮೇಲೆ, ಆತನ ಪುಸ್ತಕಗಳ ಹಕ್ಕಿನ ಹಣವೂ ಸೇರಿ, ತೀರಿತೆಂದೆನು. ಅವರು ನಿಟ್ಟುಸಿರು ಬಿಟ್ಟರು. ಈ ವರುಷ ಕಾಲೇಜನ್ನು ಬಿಟ್ಟು ಹೊರಡುವ ನನಗೆ ಆ ನಿಟ್ಟುಸಿರು ಇನ್ನೂ ಕೇಳಿಸುತ್ತಿದೆ.